ಸ್ಪೀಡ್ ಗನ್‌ಗೆ ಕಾಣದ್ದು ಈ ಕ್ಯಾಮೆರಾಗೆ ಕಾಣುತ್ತದೆ

ಈಗ ಓಡಿ ಬರ್ತಿರೋದು ನನ್ನ ಚಿಕ್ಕಪ್ಪನ ಮಗ. ಲೀಗ್ ಆಡ್ತಾನೆ, ಬಲಗೈ ಫಾಸ್ಟ್ ಬೌಲರ್. ಚೆಂಡು ಬಿಡಿ, ಭುಜ ನೋಡಿ. ಸ್ಲೋ ಮೋಷನ್‌ನಲ್ಲಿ ಹಾಕ್ತೀನಿ.

ಹಿಂದಿನ ಕಾಲು ಊರಿದಾಗ ಎದೆ ಬ್ಯಾಟ್ಸ್‌ಮನ್ ಕಡೆಗಿದೆ. ಮುಂದಿನ ಕಾಲು ಊರುವಷ್ಟರಲ್ಲಿ ಭುಜ ವಾಪಸ್ ಪಕ್ಕಕ್ಕೆ ತಿರುಗಿಬಿಟ್ಟಿದೆ. ಸೊಂಟ ಮಾತ್ರ ಅಷ್ಟು ತಿರುಗಿಲ್ಲ. ನಡುವೆ ಸಿಕ್ಕಿಕೊಂಡಿರುವುದು ಬೆನ್ನುಮೂಳೆ. ಭುಜ ಹೀಗೆ 30 ಡಿಗ್ರಿಗಿಂತ ಜಾಸ್ತಿ ತಿರುಗಿದರೆ ಬೆನ್ನಿಗೆ ಅಪಾಯ ಅಂತ ಕ್ರೀಡಾ ವಿಜ್ಞಾನಿಗಳು ಹೇಳುತ್ತಾ ಬಂದಿದ್ದಾರೆ. ಅದರ ಮೇಲೆ ಮುಂಗಾಲಿನ ಹೊಡೆತ ಬೇರೆ. ಮೈತೂಕದ ಐದಾರು ಪಟ್ಟು! ಬಲಗೈ ಬೌಲರ್‌ಗಳಿಗೆ ಸಣ್ಣ ಬಿರುಕು ಬೀಳುವುದು ಸಾಮಾನ್ಯವಾಗಿ ಸೊಂಟದ ಹತ್ತಿರ, ಬೆನ್ನುಮೂಳೆಯ ಎಡಗಡೆ. ಬುಮ್ರಾ, ನಮ್ಮ ಪ್ರಸಿದ್ಧ್ ಕೃಷ್ಣ ಇಬ್ಬರೂ ಬೆನ್ನಿನ ತೊಂದರೆಯಿಂದ ತಿಂಗಳುಗಟ್ಟಲೆ ಹೊರಗಿದ್ದು, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ಸರಣಿಗೆ ವಾಪಸ್ ಬಂದರು.

ಲ್ಯಾಬ್‌ನಲ್ಲಿ ಇದನ್ನು ಅಳೆಯುವುದು ಹೇಗೆ ಗೊತ್ತಾ? ಹೊಳೆಯುವ ಪಟ್ಟಿ ಸುತ್ತಿದ ಪುಟ್ಟ ಗುಂಡುಗಳನ್ನು ಭುಜ, ಮೊಣಕೈ, ಸೊಂಟ, ಮೊಣಕಾಲಿನ ಮೂಳೆಗಳ ಮೇಲೆ ಅಂಟಿಸುತ್ತಾರೆ. ಸುತ್ತಲಿನ ಕ್ಯಾಮೆರಾಗಳು ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ, ಗುಂಡು ಅದನ್ನು ವಾಪಸ್ ಕಳಿಸುತ್ತದೆ. ಒಂದೇ ಗುಂಡು ಕನಿಷ್ಠ ಎರಡು ಕ್ಯಾಮೆರಾಗೆ ಕಂಡರೆ ಅದು ಎಲ್ಲಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬೌಲರ್ ಬೆವರಿದರೆ ಗುಂಡು ಉದುರುತ್ತದೆ, ಮತ್ತೆ ಅಂಟಿಸಬೇಕು! ನೆಲದಲ್ಲಿ ಹೂತಿರುವ ಫೋರ್ಸ್ ಪ್ಲೇಟ್ ಕಾಲಿನ ಹೊಡೆತ ಅಳೆಯುತ್ತದೆ. ಬೌಲಿಂಗ್ ನಿಯಮದೊಳಗಿದೆಯಾ, ಅಂದರೆ ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗ್ತಿದೆಯಾ ಅಂತ ಐಸಿಸಿ ನೋಡುವುದೂ ಇದೇ ತಂತ್ರದಿಂದ. ಅಂಥದ್ದೊಂದು ಲ್ಯಾಬ್ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿದೆ.

ಫೋನ್ ಆ್ಯಪ್ ಸಾಕಾಗಲ್ವಾ ಅಂತ ಕೇಳ್ತೀರಿ. ಮೈಮೇಲೆ ಗೆರೆ ಎಳೆದು ಕೋನ ತೋರಿಸುತ್ತವೆ, ನೋಡೋಕೆ ಮಜಾ. ಪಕ್ಕದಿಂದ ತೆಗೆದರೆ ಮುಂಗಾಲಿನ ಮೊಣಕಾಲು ಮಡಚಿತಾ ಅನ್ನೋದು ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಭುಜದ ತಿರುವು ಒಂದೇ ಕ್ಯಾಮೆರಾಗೆ ಸರಿಯಾಗಿ ಸಿಗಲ್ಲ. ಡಿಗ್ರಿ ನಂಬಬೇಡಿ. ಹಿಂದಿನಿಂದ, ಸ್ವಲ್ಪ ಎತ್ತರದಿಂದ ತೆಗೆದು ಹೋದ ತಿಂಗಳ ವಿಡಿಯೋ ಪಕ್ಕದಲ್ಲಿಟ್ಟು ನೋಡಿ, ಅಷ್ಟು ಸಾಕು. ಆಕ್ಷನ್ ಬದಲಾಯಿಸುವುದು ಕೋಚ್ ಕೆಲಸ, ನಮ್ಮದಲ್ಲ.

ಇನ್ನು ಓವರ್‌ಗಳ ವಿಷಯ. ಆಕ್ಷನ್ ಎಷ್ಟೇ ಚೆನ್ನಾಗಿರಲಿ, ಇದ್ದಕ್ಕಿದ್ದಂತೆ ಬೌಲಿಂಗ್ ಜಾಸ್ತಿಯಾದರೆ ಮೂಳೆ ತಡೆಯಲ್ಲ. ಇದಕ್ಕೆ ಕ್ಯಾಮೆರಾ ಬೇಡ, ಒಂದು ನೋಟ್‌ಬುಕ್ ಸಾಕು. ನೆಟ್ಸ್‌ನಲ್ಲಿ ಹಾಕಿದ ಬಾಲ್‌ಗಳನ್ನೂ ಬರೆದಿಡಿ. ಮ್ಯಾಚ್ ಓವರ್ ಮಾತ್ರ ಬರೆದರೆ ಲೆಕ್ಕ ಅರ್ಧ.