ಬಾಡೆನ್-ಬಾಡೆನ್‌ನಲ್ಲಿ ಇಬ್ಬರಿಗೆ ಎರಡು ದಿನ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ನೈಋತ್ಯದಲ್ಲಿ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲಿನ ಅಂಚಿಗೆ, ಓಸ್ ಎಂಬ ಚಿಕ್ಕ ಹೊಳೆಯ ದಂಡೆಯಲ್ಲಿ ಬಾಡೆನ್-ಬಾಡೆನ್ ಇದೆ. ಸ್ಟುಟ್‌ಗಾರ್ಟ್, ವಾಲ್‌ಡಾರ್ಫ್ ಕಡೆ ನೌಕರಿಗಿರುವ ಕನ್ನಡಿಗ ದಂಪತಿಗಳಿಗೆ ಶನಿವಾರ, ಭಾನುವಾರದಲ್ಲಿ ಹೋಗಿಬರುವ ದೂರ. ಬೆಳಗ್ಗೆ ಇಳಿದು, ಕ್ಯಾಸಿನೊ ಮುಂದೆ ಫೋಟೊ ತೆಗೆದು, ಕೇಕು ತಿಂದು ಸಂಜೆ ರೈಲು ಹತ್ತಿದರೆ ಊರು ನೋಡಿದಂತಾಗುವುದಿಲ್ಲ. ಇಲ್ಲಿ ಮೊದಲು ಬಿಸಿನೀರಿನ ಚಿಲುಮೆಯ ಸ್ನಾನಕ್ಕೆ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಮಿಕ್ಕದ್ದೆಲ್ಲ ಅದರ ಹಿಂದೆ ಮುಂದೆ ಹೊಂದಿಕೊಳ್ಳುತ್ತದೆ.

ಊರಿನ ಫ್ಲೋರೆಂಟೀನರ್‌ಬೆರ್ಗ್ ಗುಡ್ಡದ ಬುಡದಲ್ಲಿ ಹನ್ನೆರಡು ಚಿಲುಮೆಗಳಿವೆ. ಸುಮಾರು 2,000 ಮೀಟರ್ ಆಳದಿಂದ ಬರುವ ಈ ಉಪ್ಪಿನಂಶದ ನೀರು ಮೇಲೆ ಉಕ್ಕುವಾಗ 68 ಡಿಗ್ರಿವರೆಗೂ ಸುಡುತ್ತಿರುತ್ತದೆ. ದಿನಕ್ಕೆ ಸುಮಾರು 8 ಲಕ್ಷ ಲೀಟರ್. ರೋಮನ್ನರು ಇಲ್ಲಿ ಸ್ನಾನಗೃಹ ಕಟ್ಟಿದ್ದರು. ಅದರ ಅವಶೇಷ ಇಂದಿನ ಫ್ರೀಡ್ರಿಕ್ಸ್‌ಬಾಡ್ ಎಂಬ ಸ್ನಾನಗೃಹದ ಅಡಿಯಲ್ಲೇ ಇದೆ. 19ನೇ ಶತಮಾನದಲ್ಲಿ ಯುರೋಪಿನ ಶ್ರೀಮಂತರು ಬೇಸಿಗೆ ಕಳೆಯಲು, ಜೂಜಾಡಲು ಇಲ್ಲಿಗೆ ಬರುತ್ತಿದ್ದರು. 1872ರ ಕೊನೆಗೆ ಜರ್ಮನಿಯಲ್ಲಿ ಜೂಜು ನಿಷೇಧವಾಯಿತು, ಊರಿನ ವರಮಾನಕ್ಕೆ ಪೆಟ್ಟು ಬಿತ್ತು. ಆಗ ಊರು ತನ್ನ ಬಿಸಿನೀರಿನ ಮೇಲೇ ಹಣ ಹೂಡಿತು. 1877ರಲ್ಲಿ ತೆರೆದ ಫ್ರೀಡ್ರಿಕ್ಸ್‌ಬಾಡ್ ಅದರ ಫಲ. 2021ರಲ್ಲಿ ಯುನೆಸ್ಕೊ ಯುರೋಪಿನ ಹನ್ನೊಂದು ಸ್ನಾನದೂರುಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಇದೂ ಒಂದು.

ಸ್ನಾನಕ್ಕೆ ಎರಡು ಜಾಗಗಳಿವೆ, ಅಕ್ಕಪಕ್ಕದಲ್ಲೇ. ಯಾವುದು ಬೇಕೆಂದು ಗಂಡ ಹೆಂಡತಿ ಮನೆಯಲ್ಲೇ ಮಾತಾಡಿಕೊಂಡು ಹೊರಡುವುದು ಒಳ್ಳೆಯದು. ಫ್ರೀಡ್ರಿಕ್ಸ್‌ಬಾಡ್‌ನಲ್ಲಿ ಬಟ್ಟೆಯಿಲ್ಲದೆ ಸ್ನಾನ ಮಾಡುವುದು ಹಳೆಯ ಪದ್ಧತಿ. ಗಂಡಸರು, ಹೆಂಗಸರು ಬೇರೆ ಬೇರೆಯಾಗಿ ಸಾಗುವ ದಿನಗಳಲ್ಲಿಯೂ ನಡುವಿನ ಗುಮ್ಮಟದ ಕೊಳ ಇಬ್ಬರಿಗೂ ಒಂದೇ. ಯಾವ ದಿನ ಯಾವ ನಿಯಮ ಎಂಬುದನ್ನು ಟಿಕೆಟ್ ಕೊಳ್ಳುವ ಮುಂಚೆ ಓದಿಕೊಳ್ಳಿ. ಬಾಗಿಲಲ್ಲಿ ನಿಂತು ಮುಜುಗರಪಡುವುದು ಬೇಡ. ಮನಸ್ಸು ಒಪ್ಪದಿದ್ದರೆ 1985ರಲ್ಲಿ ಶುರುವಾದ ಕರಾಕಲ್ಲಾ ಇದೆ. ಅಲ್ಲಿ ಕೆಳಗಿನ ಕೊಳಗಳಲ್ಲೆಲ್ಲ ಈಜುಡುಗೆ ಕಡ್ಡಾಯ. ಹತ್ತಿಯ ಟೀ ಶರ್ಟ್, ಮನೆಯ ಚಡ್ಡಿ ನಡೆಯುವುದಿಲ್ಲ, ಈಜಿಗೆಂದೇ ಹೊಲಿದ ಬಟ್ಟೆ ಬೇಕು. ಮೇಲಂತಸ್ತಿನ ಸೌನಾದಲ್ಲಿ, ಅಂದರೆ ಬೆವರು ಹರಿಸುವ ಬಿಸಿ ಕೋಣೆಗಳಲ್ಲಿ, ಮಾತ್ರ ಉಡುಗೆ ಇರಕೂಡದು. ಟಿಕೆಟ್ ಗಂಟೆಯ ಲೆಕ್ಕದ್ದು. ಬಟ್ಟೆ ಬದಲಿಸುವ, ತಲೆ ಒಣಗಿಸುವ ಹೊತ್ತೂ ಅದರಲ್ಲೇ ಸೇರುತ್ತದೆ, ಮೀರಿದರೆ ಹೊರಬರುವಾಗ ಹೆಚ್ಚಿಗೆ ತೆರಬೇಕು. ಎರಡು ಗಂಟೆಗಿಂತ ಮೂರು ಗಂಟೆಯದೇ ಮೇಲು.

ಮನಸ್ಸು ಒಪ್ಪಿದರಂತೂ ಫ್ರೀಡ್ರಿಕ್ಸ್‌ಬಾಡ್ ಬಿಡಬೇಡಿ. ಅಲ್ಲಿ ಹದಿನೇಳು ಹಂತಗಳು, ಪ್ರತಿಯೊಂದಕ್ಕೂ ಗೋಡೆಯ ಮೇಲೆ ಸಂಖ್ಯೆ ಮತ್ತು ನಿಮಿಷ ಬರೆದಿರುತ್ತದೆ. ಮೊದಲು ಷವರ್. ಆಮೇಲೆ 54 ಡಿಗ್ರಿಯ ಒಣ ಬಿಸಿಗಾಳಿಯ ಕೋಣೆಯಲ್ಲಿ ಹದಿನೈದು ನಿಮಿಷ, ಮರದ ಮಂಚದ ಮೇಲೆ ಬಟ್ಟೆ ಹಾಸಿ ಮಲಗುವುದು. ಪಕ್ಕದ ಕೋಣೆ 68 ಡಿಗ್ರಿ, ಅಲ್ಲಿ ಐದೇ ನಿಮಿಷ. ನೆಲ ಕಾದಿರುತ್ತದೆ, ಅದಕ್ಕೇ ಚಪ್ಪಲಿ ಕೊಡುತ್ತಾರೆ. ತಾಳಿ ಸರ, ಬಳೆ, ಕಾಲುಂಗುರ, ಕಿವಿಯೋಲೆ ಎಲ್ಲವನ್ನೂ ಲಾಕರಿನಲ್ಲಿಡಿ. ಈ ಶಾಖಕ್ಕೆ ಲೋಹ ಕಾದು ಚರ್ಮ ಚುರುಗುಟ್ಟುತ್ತದೆ. ಕಣ್ಣಿನ ಲೆನ್ಸ್ ಕೂಡ ತೆಗೆದಿಡಿ.

ಬೆವರು ಚೆನ್ನಾಗಿ ಇಳಿದ ಮೇಲೆ ಮತ್ತೆ ಷವರ್, ನಂತರ ಸೋಪಿನ ಬ್ರಶ್ ಉಜ್ಜುವಿಕೆ, ಎಂಟು ಹತ್ತು ನಿಮಿಷ. ಇದು ಮೂಲ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ, ಕೊಳ್ಳುವಾಗಲೇ ಹೇಳಬೇಕು. ಶಾಖಕ್ಕೆ ಮೆತ್ತಗಾದ ಚರ್ಮದಿಂದ ಕೊಳೆ ಸುಲಭವಾಗಿ ಬಿಡುತ್ತದೆ, ಹಾಗಾಗಿ ಈ ಖರ್ಚು ಸಾರ್ಥಕ. ಆಮೇಲೆ ಹಬೆಯ ಕೋಣೆಗಳು: 45 ಡಿಗ್ರಿಯಲ್ಲಿ ಹತ್ತು ನಿಮಿಷ, 48ರಲ್ಲಿ ಐದು ನಿಮಿಷ. ಒಣಗಾಳಿಗಿಂತ ಅಂಕಿ ಕಡಿಮೆ ಎಂದು ಹೆಚ್ಚು ಹೊತ್ತು ಕೂರಬೇಡಿ. ಹಬೆ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈಯ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ತಲೆ ಭಾರವಾಯಿತೆನಿಸಿದರೆ ಐದು ನಿಮಿಷ ತುಂಬುವ ಮೊದಲೇ ಎದ್ದುಬನ್ನಿ.

ಇಲ್ಲಿಂದ ದೇಹವನ್ನು ಮೆಲ್ಲಗೆ ತಣಿಸುವ ಕೆಲಸ. 36 ಡಿಗ್ರಿಯ ಕೊಳದಲ್ಲಿ ಹತ್ತು ನಿಮಿಷ, ಗುಳ್ಳೆಯೇಳುವ 34 ಡಿಗ್ರಿಯ ಕೊಳದಲ್ಲಿ ಹದಿನೈದು, ಗುಮ್ಮಟದ ಕೆಳಗಿನ 28 ಡಿಗ್ರಿಯ ದುಂಡು ಕೊಳದಲ್ಲಿ ಐದು. ಮತ್ತೊಂದು ಷವರ್ ಆಗಿ ಕಡೆಗೆ 18 ಡಿಗ್ರಿಯ ತಣ್ಣೀರಿನಲ್ಲಿ ಒಂದು ಮುಳುಗು. ತಪ್ಪಾಗುವುದು ಹೆಚ್ಚಾಗಿ ಈ ಭಾಗದಲ್ಲಿ. ಶಾಖಕ್ಕೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ. ಬಿಸಿನೀರಿನಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲಿಡುತ್ತದೆ, ಆದ್ದರಿಂದ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತು ಕಂಬಿ ಹಿಡಿದು ಏಳಿ. ಹಬೆ ಕೋಣೆಯಿಂದ ನೇರ ತಣ್ಣೀರಿಗೆ ಹಾರುವುದು ಅಪಾಯ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಲ್ಲಿಗೆ ಬರಬಾರದು. ಹೊಟ್ಟೆ ಬಿರಿಯ ಉಂಡೂ ಹೋಗಬೇಡಿ, ಹಸಿದೂ ಹೋಗಬೇಡಿ. ಎರಡು ಗಂಟೆ ಮುಂಚೆ ಹಗುರಾಗಿ ತಿಂದು, ಒಳಗೆ ಹೋಗುವ ಮುನ್ನ ಒಂದು ಲೋಟ ನೀರು, ಬಂದ ಮೇಲೆ ಎರಡು ಲೋಟ ಕುಡಿಯಿರಿ.

ತಣ್ಣೀರಾದ ಮೇಲೆ ಬೆಚ್ಚಗಿನ ಟವೆಲ್, ಮೈಗೆ ಕ್ರೀಮು, ಆಮೇಲೆ ಅರ್ಧ ಗಂಟೆ ಕಂಬಳಿ ಹೊದ್ದು ಮಲಗುವ ಕೋಣೆ. ದೀಪಾವಳಿಯ ಎಣ್ಣೆ ಸ್ನಾನ ಮುಗಿಸಿ ಅಡ್ಡಾದಾಗ ಬರುವ ನಿದ್ದೆಯಂಥದೇ ನಿದ್ದೆ ಇಲ್ಲಿ ಬರುತ್ತದೆ. ದಯವಿಟ್ಟು ಈ ಹಂತವನ್ನು ಹಾರಿಸಬೇಡಿ. ನಾಡಿ, ರಕ್ತದೊತ್ತಡ ಮೊದಲಿನ ಮಟ್ಟಕ್ಕೆ ಬರುವುದು ಈ ಅರ್ಧ ಗಂಟೆಯಲ್ಲೇ. ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ.

ಹಾಗಾಗಿ ಮೊದಲ ದಿನ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಸ್ನಾನ, ಸಂಜೆ ಏನೂ ಇಟ್ಟುಕೊಳ್ಳದೆ ನಿಧಾನ ನಡಿಗೆ. ಚಿಲುಮೆಯ ನೀರು ಕುಡಿಯಲೆಂದು ಕಟ್ಟಿ 1842ರಲ್ಲಿ ಮುಗಿದ ಟ್ರಿಂಕ್‌ಹಾಲೆ ಎಂಬ ಮಂಟಪದ ತೊಂಬತ್ತು ಮೀಟರ್ ಉದ್ದದ ಕಂಬಸಾಲಿನಲ್ಲಿ ಈ ನಾಡಿನ ಐತಿಹ್ಯಗಳ ಹದಿನಾಲ್ಕು ಭಿತ್ತಿಚಿತ್ರಗಳಿವೆ. ಪಕ್ಕದಲ್ಲೇ ಕುರ್‌ಹೌಸ್ ಎಂಬ ಹಳೆಯ ಸಭಾಭವನ, ಅದರೊಳಗೆ ಈಗ ಮತ್ತೆ ನಡೆಯುತ್ತಿರುವ ಜೂಜಿನ ಮನೆ, ಕ್ಯಾಸಿನೊ. ಒಳಗೆ ಆಡಲು ಪಾಸ್‌ಪೋರ್ಟ್, 21 ವರ್ಷ ವಯಸ್ಸು, ಗಂಡಸರಿಗೆ ಕೋಟು ಬೇಕು. ಬರೀ ಚಿನ್ನದ ಬಣ್ಣದ ಕೋಣೆಗಳನ್ನು ನೋಡಲು ಬೆಳಗಿನ ಗೈಡ್ ಸುತ್ತಾಟವೇ ಸಾಕು. ಬೀದಿಯ ಚಿಲುಮೆಗಳಲ್ಲಿ ‘ಕೈನ್ ಟ್ರಿಂಕ್‌ವಾಸರ್’ ಎಂಬ ಫಲಕವಿದ್ದರೆ ಆ ನೀರು ಕುಡಿಯಬಾರದು. ಕೈಗೆ ಬಿಸಿ ತಾಕಿಸಿಕೊಂಡು ಮುಂದೆ ನಡೆಯಿರಿ.

ಎರಡನೆಯ ದಿನ ಲಿಕ್ಟೆನ್‌ಟಾಲರ್ ಅಲೇ. ಹೊಳೆಯ ಪಕ್ಕದಲ್ಲೇ ಎರಡು ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ, ಏರಿಳಿತವೇ ಇಲ್ಲದ ಮರಗಳ ಸಾಲುದಾರಿ. ಜೂನಿನಲ್ಲಿ ಹೋದರೆ ನಡುವಿನ ಗುಲಾಬಿ ತೋಟ ಗ್ಯೋನರ್‌ಆನ್‌ಲಾಗೆಯಲ್ಲಿ ಕೂರಲೇಬೇಕು. ದಾರಿ ಮುಗಿಯುವುದು 1245ರಲ್ಲಿ ಸ್ಥಾಪನೆಯಾದ ಲಿಕ್ಟೆನ್‌ಟಾಲ್ ಮಠದ ಬಳಿ. ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿನಿಯರು ಇವತ್ತಿಗೂ ಅಲ್ಲಿದ್ದಾರೆ, ಅಂಗಳದಲ್ಲಿ ದನಿ ತಗ್ಗಿಸಿ ಮಾತಾಡಿ. ಆಕಾಶ ತಿಳಿಯಾಗಿದ್ದರೆ ಮಾತ್ರ 668 ಮೀಟರಿನ ಮೆರ್ಕೂರ್ ಬೆಟ್ಟ ಹತ್ತಿ. 1913ರಲ್ಲಿ ಶುರುವಾದ ಹಗ್ಗದ ರೈಲು ಕೆಲವೆಡೆ ನೂರಕ್ಕೆ 54ರ ಇಳಿಜಾರನ್ನು ಏರುತ್ತದೆ. ಮಂಜು ಮುಸುಕಿದ್ದರೆ ರೈನ್ ಬಯಲು ಕಾಣುವುದಿಲ್ಲ, ಟಿಕೆಟ್ ದಂಡ.

ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಹೂರಣದ ಕಡುಬಿನಂಥ ಮೌಲ್‌ತಾಷೆಯೊಳಗೆ ಸಾಮಾನ್ಯವಾಗಿ ಮಾಂಸವಿರುತ್ತದೆ, ತೆಳು ರೊಟ್ಟಿಯಂಥ ಫ್ಲಾಮ್‌ಕೂಖೆನ್ ಮೇಲೆ ಹಂದಿಯ ಚೂರು. ಮೊಟ್ಟೆ ಆಗುವವರಿಗೆ ಚೀಸ್ ಹಾಕಿದ ಷ್ಪೆಟ್ಸ್‌ಲೆ, ಅಂದರೆ ಮೊಟ್ಟೆ ಸೇರಿಸಿ ಮಾಡಿದ ಮೆತ್ತನೆಯ ನೂಡಲ್ಸ್, ಸರಿ. ಬ್ಲ್ಯಾಕ್ ಫಾರೆಸ್ಟ್ ಕೇಕಿನಲ್ಲಿ ಚೆರ್ರಿಯ ಮದ್ಯ ಇದ್ದೇ ಇರುತ್ತದೆ. ಏಪ್ರಿಲ್ ಮಧ್ಯದಿಂದ ಜೂನ್ 24ರವರೆಗೆ ಬಿಳಿ ಆಸ್ಪರಾಗಸ್ ಸಿಗುತ್ತದೆ. ಬೆಣ್ಣೆ, ಆಲೂಗಡ್ಡೆ ಜೊತೆ ಕೇಳಿ, ಹಂದಿಮಾಂಸ ಬೇಡವೆಂದು ಮೊದಲೇ ಹೇಳಿ.

ಕೊನೆಯದಾಗಿ ಓಡಾಟದ ಮಾತು. ರೈಲು ನಿಲ್ದಾಣ ಇರುವುದು ಊರ ನಡುವೆ ಅಲ್ಲ, ಸುಮಾರು ಐದು ಕಿಲೋಮೀಟರ್ ಆಚೆ ಓಸ್ ಬಡಾವಣೆಯಲ್ಲಿ. ಅಲ್ಲಿಂದ 201ನೇ ಬಸ್ಸು ಊರ ನಡುವಿನ ಚೌಕ ಲಿಯೋಪೋಲ್ಡ್ಸ್‌ಪ್ಲಾಟ್ಸ್‌ಗೆ ತರುತ್ತದೆ, ಅದೇ ಬಸ್ಸು ಲಿಕ್ಟೆನ್‌ಟಾಲ್‌ಗೂ ಹೋಗುತ್ತದೆ. ಮಠದ ಬಳಿಯಿಂದ ನೇರ ನಿಲ್ದಾಣಕ್ಕೆ ಹೊರಡುವುದಾದರೆ ರೈಲಿಗೆ ಮುಕ್ಕಾಲು ಗಂಟೆ ಮುಂಚೆ ಬಸ್ಸು ಹಿಡಿಯಿರಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನೀರಿನ ಬಾಟಲಿ, ಹಣ್ಣು, ಬ್ರೆಡ್ಡು ಶನಿವಾರ ಸಂಜೆಯೇ ತಂದಿಟ್ಟುಕೊಳ್ಳಿ.

ನಮಸ್ಕಾರ.