ಅಜ್ಜಿಯ ಜೀನು, ಮೊಮ್ಮಗಳ ಕಾಲ

ನಮಸ್ಕಾರ ಕೇಳುಗರೇ. "ಇದು ನಮ್ಮ ವಂಶದಲ್ಲೇ ಇದೆ" ಅನ್ನುವ ಮಾತನ್ನು ಸಕ್ಕರೆ ಕಾಯಿಲೆಗೂ ಹೇಳುತ್ತೇವೆ, ಬೋಳುತಲೆಗೂ ಹೇಳುತ್ತೇವೆ. ಆದರೆ ಒಂದು ಮನೆಯವರಿಗೆ ರಕ್ತಸಂಬಂಧ ಮಾತ್ರ ಒಂದೇ ಅಲ್ಲ. ಅಡುಗೆಮನೆ ಒಂದೇ, ಕುಡಿಯುವ ನೀರು ಒಂದೇ, ಊರೂ ಒಂದೇ. ಹಾಗಿರುವಾಗ ಕಾಯಿಲೆ ಜೀನಿನಿಂದ ಬಂತೋ, ಬದುಕಿದ ರೀತಿಯಿಂದ ಬಂತೋ? ಎರಡೂ ಕೈಜೋಡಿಸಿದ್ದರೆ ಬಿಡಿಸಿ ನೋಡುವುದು ಹೇಗೆ?

ಅದಕ್ಕೊಂದು ದಾರಿಯನ್ನು ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರ ತಂಡ ತೋರಿಸಿತು. ಬಿಆರ್‌ಸಿಎ1 ಎಂಬ ಜೀನು 17ನೇ ಕ್ರೋಮೋಸೋಮಿನಲ್ಲಿದೆ, ಅಂದರೆ ಜೀವಕೋಶದಲ್ಲಿ ಜೀನುಗಳನ್ನು ಹೊತ್ತ ಎಳೆಗಳಲ್ಲಿ 17ನೆಯದರಲ್ಲಿದೆ, ಅಂತ 1990ರಲ್ಲಿ ಪತ್ತೆ ಮಾಡಿದವರೂ ಇವರೇ. ತುಂಡಾದ ಡಿಎನ್‌ಎಯನ್ನು ರಿಪೇರಿ ಮಾಡುವುದು ಈ ಜೀನಿನ ಕೆಲಸ. ಇದಾಗಲಿ, ಇಂಥದ್ದೇ ಕೆಲಸದ ಬಿಆರ್‌ಸಿಎ2 ಎಂಬ ಇನ್ನೊಂದು ಜೀನಾಗಲಿ ಕೆಟ್ಟಿದ್ದರೆ ಸ್ತನ ಕ್ಯಾನ್ಸರ್ ಬರುವ ಅಪಾಯ ತುಂಬಾ ಜಾಸ್ತಿ.

ತಂಡದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕ್ ಸುತ್ತಮುತ್ತಲಿನ, ಸ್ತನ ಕ್ಯಾನ್ಸರ್ ಆಗಿದ್ದ 1,008 ಅಷ್ಕೆನಾಜಿ ಯಹೂದಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯಹೂದಿ) ಹೆಂಗಸರನ್ನು ಪರೀಕ್ಷಿಸಿದರು. ಆ ಸಮುದಾಯವೇ ಯಾಕೆ ಅಂದರೆ, ಅವರಲ್ಲಿ ಈ ಜೀನುಗಳ ಮೂರು ಹಳೆಯ ದೋಷಗಳು ತಲೆಮಾರುಗಳಿಂದ ಹರಿದು ಬಂದಿವೆ. ಹುಡುಕುವುದು ಸುಲಭ. 104 ಮಂದಿಯಲ್ಲಿ ದೋಷ ಸಿಕ್ಕಿತು. ಆಮೇಲೆ ಅವರ ಬಂಧುಬಳಗದಲ್ಲಿ ಯಾರ್ಯಾರಿಗೆ ಅದೇ ದೋಷ ಇದೆ, ಅವರು ಹುಟ್ಟಿದ್ದು ಯಾವಾಗ, ಕಾಯಿಲೆ ಬಂದಿದ್ದರೆ ಯಾವ ವಯಸ್ಸಿನಲ್ಲಿ ಅಂತ ನೋಡುತ್ತಾ ಹೋದರು.

ದೋಷ ಇದ್ದ ಹೆಂಗಸರನ್ನಷ್ಟೇ ತೆಗೆದುಕೊಳ್ಳಿ. 1940ಕ್ಕಿಂತ ಮೊದಲು ಹುಟ್ಟಿದವರಲ್ಲಿ 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 24. ನಂತರ ಹುಟ್ಟಿದವರಲ್ಲಿ ನೂರಕ್ಕೆ 67!

ಅಜ್ಜಿಯಲ್ಲಿದ್ದದ್ದೂ ಮೊಮ್ಮಗಳಲ್ಲಿರುವುದೂ ಅದೇ ಜೀನು, ಅದೇ ದೋಷ. ಎರಡು ತಲೆಮಾರಿನಲ್ಲಿ ಅದೇನೂ ಬದಲಾಗಿಲ್ಲ. ಬದಲಾದದ್ದು ಬದುಕು. ಸಂಬಂಧವಿಲ್ಲದ ಇಬ್ಬರನ್ನು ಹೋಲಿಸಿದ್ದರೆ "ಅವರ ಜೀನೇ ಬೇರೆ, ಇವರ ಜೀನೇ ಬೇರೆ" ಅಂತ ತಳ್ಳಿಹಾಕಬಹುದಿತ್ತು. ಒಂದೇ ಮನೆತನದೊಳಗೆ ನೋಡಿದಾಗ ಹಾಗೆ ಜಾರಿಕೊಳ್ಳುವುದು ಕಷ್ಟ, ಅಲ್ವಾ?

ಅಜ್ಜಿಯರ ಕಾಲದಲ್ಲಿ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್-ರೇ ತಪಾಸಣೆ, ಇರಲಿಲ್ಲ, ಈಗ ಬೇಗ ಗೊತ್ತಾಗುತ್ತದೆ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಅದರ ಪಾಲೂ ಸ್ವಲ್ಪ ಇದ್ದೀತು. ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣ ಅಂದರೆ ನನಗಂತೂ ಒಪ್ಪಿಗೆಯಾಗುವುದಿಲ್ಲ.

ಬದುಕಿನಲ್ಲಿ ಬದಲಾದದ್ದು ಏನು? ಒಂದು ಸುಳಿವು ಸಿಕ್ಕಿತು. ಹರೆಯದಲ್ಲಿ ಮೈ ದಂಡಿಸಿದವರಿಗೆ, ಆಗ ಬೊಜ್ಜು ಇಲ್ಲದವರಿಗೆ, ದೋಷ ಇದ್ದರೂ ಕ್ಯಾನ್ಸರ್ ತಡವಾಗಿ ಕಾಣಿಸಿಕೊಂಡಿತ್ತು. ತಡವಾಗಿ ಅಂದೆ, ಬರಲೇ ಇಲ್ಲ ಅನ್ನಲಿಲ್ಲ. ದೋಷ ಇದ್ದವರಿಗೆ ಜೀವಮಾನದಲ್ಲಿ ಅಪಾಯ ನೂರಕ್ಕೆ 82ರಷ್ಟಿತ್ತು. ವಾಕಿಂಗ್ ಹೋದರೆ ಸಾಕು, ಡಾಕ್ಟರ್ ಬೇಡ ಅಂತ ಯಾರೂ ಸುಮ್ನೆ ಕೂರಬಾರದು.

ಇನ್ನೊಂದು ವಿಷಯ. ದೋಷ ಇದ್ದ ಎಷ್ಟೋ ಹೆಂಗಸರ ಹತ್ತಿರದ ಬಂಧುಗಳಲ್ಲಿ ಈ ಕಾಯಿಲೆಯೇ ಇರಲಿಲ್ಲ. ಕೆಟ್ಟ ಜೀನು ಅಪ್ಪನಿಂದಲೂ ಬರುತ್ತದೆ. ಗಂಡಸರಿಗೆ ಸ್ತನ ಕ್ಯಾನ್ಸರ್ ಅಪರೂಪ. ಅಪ್ಪನಿಗೆ ಅಕ್ಕತಂಗಿಯರೂ ಇಲ್ಲದಿದ್ದರೆ ಸುಳಿವೇ ಸಿಗುವುದಿಲ್ಲ. "ಮನೆಯಲ್ಲಿ ಯಾರಿಗಾದರೂ ಇತ್ತಾ?" ಅಂತ ಡಾಕ್ಟರ್ ಕೇಳಿದಾಗ ನಾವು ಅಮ್ಮ, ಚಿಕ್ಕಮ್ಮ, ಅಜ್ಜಿ ಅಂತ ಎಣಿಸಿ ನಿಲ್ಲಿಸಿಬಿಡುತ್ತೇವೆ. ಸೋದರತ್ತೆಯನ್ನೂ ಅಪ್ಪನ ಅಮ್ಮನನ್ನೂ ಸೇರಿಸಿ, ಕಾಯಿಲೆ ಬಂದಾಗ ಅವರ ವಯಸ್ಸೆಷ್ಟು ಅನ್ನುವುದನ್ನೂ ಹೇಳಿ. ನಮಸ್ಕಾರ.