ದಾನಪತ್ರದಲ್ಲಿ ಒಂದು ಸಾಲು

ಕೇಳುಗರಿಗೆ ನಮಸ್ಕಾರ. ನಾನು ದಾವಣಗೆರೆಯಲ್ಲಿ ವಕೀಲ. ಅಜ್ಜ ಅಜ್ಜಿ, ಮಗ ಸೊಸೆ, ಮೊಮ್ಮಕ್ಕಳು ಒಂದೇ ಸೂರಿನಡಿ ಇರುವ ಮನೆಯ ಹಿರಿಯರಿಗೆ ಇವತ್ತು ಒಂದೇ ಮಾತು ಹೇಳಬೇಕು. ಮನೆಯನ್ನು ಮಗನ ಹೆಸರಿಗೆ ಮಾಡುವಾಗ 'ನನ್ನನ್ನು ನೋಡಿಕೊಳ್ಳಬೇಕು' ಅಂತ ಪತ್ರದಲ್ಲೇ ಬರೆಸಿ.

ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಬೆವರು ಸುರಿಸಿ ಮನೆ ಕಟ್ಟಿದ ತಾಯಿಯೊಬ್ಬರು ನನ್ನ ಹತ್ತಿರ ಬಂದಿದ್ದರು. ದಾನಪತ್ರವನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಕರ್ಪೂರದ ವಾಸನೆ. ಪತ್ರ ಪೂರ್ತಿ ಓದಿದೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ, ಚಕ್ಕುಬಂದಿ ಎಲ್ಲಾ ಇತ್ತು. 'ಪ್ರೀತಿ ವಿಶ್ವಾಸದಿಂದ' ಅಂತಲೂ ಇತ್ತು. ಆಕೆಯ ಊಟದ ಬಗ್ಗೆ ಮಾತ್ರ ಒಂದಕ್ಷರ ಇರಲಿಲ್ಲ. ಆಕೆ ಮಲಗುತ್ತಿದ್ದುದು ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರ್ ಪಕ್ಕ. ಯಾಕಮ್ಮಾ ಬರೆಸಲಿಲ್ಲ ಅಂದೆ. "ಹೆತ್ತ ಮಗನಿಗೆ ಷರತ್ತು ಹಾಕೋಕಾಗುತ್ತಾ ಸಾರ್?" ಅಂದರು.

ಹಾಕಬೇಕು ತಾಯಿ. ಖಂಡಿತ ಹಾಕಬೇಕು.

2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂತು. ಅದರ 23ನೇ ಕಲಮು ಓದಿ. ನೋಡಿಕೊಳ್ಳುವ ಷರತ್ತಿನ ಮೇಲೆ 60 ವರ್ಷ ತುಂಬಿದವರು ಆಸ್ತಿ ಕೊಟ್ಟು, ಪಡೆದವರು ಮಾತು ತಪ್ಪಿದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಆಯಿತು. ಷರತ್ತು ಬರೆದಿಲ್ಲ ಅಂದರೆ ಅದನ್ನು ರುಜುವಾತು ಮಾಡುವಷ್ಟರಲ್ಲಿ ಜೀವ ಸಾಕಾಗುತ್ತದೆ. ಆ ತಾಯಿಗೆ ಮಗನಿಂದ ತಿಂಗಳ ಜೀವನಾಂಶ ಕೊಡಿಸಿದೆವು. ಮನೆ ಮಾತ್ರ ವಾಪಸ್ ಬರಲಿಲ್ಲ.

ಹೇಗೆ ಬರೆಸಬೇಕು ಅಂತೀರಾ? ಪೆನ್ನು ತಗೊಳ್ಳಿ. "ನಾನು ಬದುಕಿರುವವರೆಗೆ ಇದೇ ಮನೆಯಲ್ಲಿ ಇರುತ್ತೇನೆ. ನನ್ನ ಊಟ, ಬಟ್ಟೆ, ಔಷಧಿ ನೀನು ನೋಡಿಕೊಳ್ಳಬೇಕು. ತಪ್ಪಿದರೆ ಈ ದಾನಪತ್ರ ರದ್ದು." ಇಷ್ಟೇ. ಪತ್ರ ಬರೆಯುವವರು 'ಅದೆಲ್ಲಾ ಯಾಕಜ್ಜಿ, ಸುಮ್ನೆ' ಅಂದರೆ ಒಪ್ಪಬೇಡಿ. ಓದಿ ಹೇಳಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿ. ಒಳ್ಳೆಯ ಮಗನಿಗೆ ಈ ಸಾಲಿನಿಂದ ಏನೂ ನಷ್ಟವಿಲ್ಲ, ಅಲ್ವಾ? ಸೊಸೆಗೂ ಅನುಕೂಲವೇ. ಅತ್ತೆಯ ಔಷಧಿ ಯಾರು ತರಬೇಕು ಅನ್ನುವ ಜಗಳ ಅಲ್ಲಿಗೇ ಮುಗಿಯುತ್ತದೆ.

ಹೆಣ್ಣುಮಕ್ಕಳ ಪಾಲಿನ ಬಗ್ಗೆಯೂ ಹೇಳಬೇಕಿತ್ತು, ಸಮಯ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ, ಅದನ್ನು ಬಿಟ್ಟು ಪತ್ರ ಮಾಡಬೇಡಿ. ಈಗಾಗಲೇ ತೊಂದರೆಯಲ್ಲಿರುವ ಹಿರಿಯರು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ದುಡ್ಡು ಖರ್ಚಾಗುವುದಿಲ್ಲ. ನಾಳೆ ಪತ್ರ ಮಾಡಿಸಲು ಹೊರಟವರು ಇದ್ದರೆ, ಆ ಸಾಲನ್ನು ಇವತ್ತು ರಾತ್ರಿಯೇ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ನಮಸ್ಕಾರ.